ಕಿನ್ಸ್‌ಮೆನ್ (ಜಾಝ್ ಸಂಗೀತ ಸಂಪುಟ)

ಕಿನ್ಸ್‌ಮೆನ್ ಎಂಬುದು ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮೂಲದ ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ನೇತೃತ್ವದಲ್ಲಿ ರೂಪುಗೊಂಡು, 2008ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಸಂಸ್ಥೆಯಿಂದ ಬಿಡುಗಡೆಯಾದ ಜಾಝ್ ಸಂಗೀತ ಸಂಪುಟ. ದಕ್ಷಿಣ ಕನ್ನಡದ ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥ್ ಇದರ ಮತ್ತೊಬ್ಬ ಪ್ರಧಾನ ಕಲಾವಿದರು. ಏಳು ಮಂದಿಯ ಈ ತಂಡಕ್ಕೆ ‘ದಕ್ಷಿಣ ಆನ್ಸಾಂಬಲ್’ ಎಂಬ ಹೆಸರಿದೆ. ಸಂಪುಟದ ಶೀರ್ಷಿಕೆಗೆ ‘ಬಂಧುಗಳು’ ಅಥವಾ ‘ಒಂದೇ ಕುಲದವರು’ ಎಂದು ಅರ್ಥ ಹೇಳಬಹುದು. ಒಂದೇ ವಾದ್ಯವನ್ನು ಎರಡು ಭಿನ್ನ ಸಂಪ್ರದಾಯಗಳಲ್ಲಿ ಸಾಧಿಸಿದ, ಇಬ್ಬರೂ ಕನ್ನಡ ನಾಡಿನ ನಂಟುಳ್ಳ ಕಲಾವಿದರು ಇಲ್ಲಿ ಒಟ್ಟಾಗಿ ನುಡಿಸಿದ್ದಾರೆ. ಜಾಝ್ ಮತ್ತು ಭಾರತೀಯ ಶಾಸ್ತ್ರೀಯ ಸಂಗೀತಗಳ ಸಮಾಗಮದ ಚರಿತ್ರೆಯಲ್ಲಿ ಈ ಸಂಪುಟಕ್ಕೆ ಮುಖ್ಯವಾದ ಸ್ಥಾನವಿದೆ.

ಹಿನ್ನೆಲೆ

ಸ್ಯಾಕ್ಸೊಫೋನ್ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ರೂಪಿಸಿದ ವಾದ್ಯ. ಆತ 1846ರಲ್ಲಿ ಪ್ಯಾರಿಸ್‌ನಲ್ಲಿ ಇದರ ಹಕ್ಕುಸ್ವಾಮ್ಯವನ್ನು ಪಡೆದನು. ಹಿತ್ತಾಳೆಯಿಂದ ಮಾಡಿದ್ದರೂ ಬೆತ್ತದ ಸೀಳಿನಿಂದಾದ ರೀಡ್ ಮೂಲಕ ನಾದ ಹೊರಡುವುದರಿಂದ ಇದನ್ನು ಕ್ಲಾರಿಯೋನೆಟ್ ಜಾತಿಗೆ ಸೇರಿಸುತ್ತಾರೆ. ಟ್ರಂಪೆಟ್ಟಿನ ಜಾತಿಗಲ್ಲ. ಮೊದಲು ಸೈನ್ಯದ ಬ್ಯಾಂಡುಗಳಲ್ಲಿ ಬಳಕೆಯಾದ ಈ ವಾದ್ಯ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕಪ್ಪು ಜನರ ಜಾಝ್ ಸಂಗೀತದ ಪ್ರಮುಖ ದನಿಯಾಯಿತು. ಭಾರತಕ್ಕೆ ಇದು ಬ್ಯಾಂಡುಗಳ ಮೂಲಕ ಬಂತು. ನಮ್ಮ ಊರುಗಳ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಇದನ್ನು ಕಂಡವರು ಬಹಳ ಮಂದಿ ಇದ್ದಾರೆ. ಆದರೆ ಶಾಸ್ತ್ರೀಯ ಕಛೇರಿಯ ವೇದಿಕೆಯ ಮೇಲೆ ಇದಕ್ಕೆ ದೀರ್ಘಕಾಲ ಎಡೆ ಇರಲಿಲ್ಲ.

ಇದಕ್ಕೆ ಕಾರಣ ಕೇವಲ ಮಡಿವಂತಿಕೆಯಲ್ಲ. ಕರ್ನಾಟಕ ಸಂಗೀತದ ಜೀವಾಳವಾದ ಗಮಕದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ನಾದವು ಕಡಿಯದೆ ಜಾರಬೇಕು, ತೂಗಬೇಕು. ನಾಗಸ್ವರದಲ್ಲಿ ಬೆರಳನ್ನು ನೇರವಾಗಿ ರಂಧ್ರದ ಮೇಲಿಟ್ಟು, ಅದನ್ನು ಅರ್ಧ ಮುಚ್ಚಿ ಅರ್ಧ ತೆರೆದು, ಉಸಿರಿನ ಒತ್ತಡವನ್ನು ಬದಲಿಸಿ ಈ ತೂಗಾಟವನ್ನು ತರಬಹುದು. ಸ್ಯಾಕ್ಸೊಫೋನಿನ ರಂಧ್ರಗಳಾದರೋ ಲೋಹದ ಕೀಲಿಗಳ ಅಧೀನ. ಕೀಲಿ ಒತ್ತಿದರೆ ರಂಧ್ರ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ಹನ್ನೆರಡು ಸ್ವರಸ್ಥಾನಗಳನ್ನು ಖಚಿತವಾಗಿ ನುಡಿಸಲೆಂದೇ ಕಟ್ಟಿದ ಯಂತ್ರದಲ್ಲಿ ಅವುಗಳ ನಡುವಿನ ಅವಕಾಶವನ್ನು ನುಡಿಸುವುದು ಹೇಗೆ ಎಂಬುದೇ ಪ್ರಶ್ನೆಯಾಗಿತ್ತು.

ಕದ್ರಿ ಗೋಪಾಲನಾಥ್

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಕದ್ರಿ ಗೋಪಾಲನಾಥ್. ಅವರು 1949ರ ಡಿಸೆಂಬರ್ 6ರಂದು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಮೊದಲ ಪಾಠ ತಂದೆಯಿಂದ, ಮೊದಲ ವಾದ್ಯ ನಾಗಸ್ವರ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಬಳಿಕ ಅವರ ಮನಸ್ಸು ಅದರತ್ತ ತಿರುಗಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಷ್ಯವೃತ್ತಿ ನಡೆಸಿದರು. ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಸುಮಾರು ಇಪ್ಪತ್ತು ವರ್ಷಗಳ ಸಾಧನೆ ಬೇಕಾಯಿತು. ಕೀಲಿಗಳ ವ್ಯವಸ್ಥೆಯಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನೂ ಅವರು ಮಾಡಿಕೊಂಡರು. ಆದರೆ ಗಮಕದ ಹೊಣೆಯನ್ನು ಬಹುಮಟ್ಟಿಗೆ ಹೊತ್ತದ್ದು ಅವರ ತುಟಿ, ಉಸಿರು ಮತ್ತು ನಾಗಸ್ವರದಲ್ಲಿ ಪಳಗಿದ ಕಿವಿ.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಯ ಮೇಲೆ ಕೂಡಿ ನುಡಿಸಿದರು. ಹ್ಯಾಂಡಿ ಅದಕ್ಕೆ ಮುಂಚೆಯೇ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರೊಂದಿಗೆ ಧ್ವನಿಮುದ್ರಣ ಮಾಡಿದ್ದವರು. ಜಾಝ್ ಕಲಾವಿದರ ಸಹವಾಸ ಗೋಪಾಲನಾಥರಿಗೆ ಅಲ್ಲಿಂದ ಮುಂದುವರಿಯಿತು. ಕೊಳಲು ವಾದಕ ಜೇಮ್ಸ್ ನ್ಯೂಟನ್ ಅವರೊಡನೆ ‘ಸದರ್ನ್ ಬ್ರದರ್ಸ್’ ಎಂಬ ಸಂಪುಟ ಬಂತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಅವರ ಕಛೇರಿ ನಡೆಯಿತು. ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ನಿರ್ದೇಶನದ ‘ಡ್ಯುಯೆಟ್’ ಚಲನಚಿತ್ರದಲ್ಲಿ ಎ. ಆರ್. ರಹಮಾನ್ ಅವರ ಸಂಗೀತಕ್ಕೆ ಸ್ಯಾಕ್ಸೊಫೋನ್ ನುಡಿಸಿದವರೂ ಇವರೇ. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕರಾವಳಿಯ ದೇವಸ್ಥಾನ, ಮದುವೆ ಮನೆಗಳಲ್ಲಿ ಇಂದು ಓಲಗದ ಪಕ್ಕದಲ್ಲಿ, ಕೆಲವೆಡೆ ಅದರ ಬದಲಿಗೇ, ಸ್ಯಾಕ್ಸೊಫೋನ್ ಕೇಳಿಬರುವುದಕ್ಕೆ ಮುಖ್ಯ ಕಾರಣ ಅವರ ಪ್ರಭಾವ.

ರುದ್ರೇಶ್ ಮಹಾಂತಪ್ಪ

ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಕಡೆಯವರಿಗೆ ರುದ್ರೇಶ, ಮಹಾಂತಪ್ಪ ಎಂಬ ಹೆಸರುಗಳು ನೆರೆಮನೆಯವರ ಹೆಸರಿನಂತೆ ಪರಿಚಿತ. ಈ ಹೆಸರಿನ ಕಲಾವಿದ ಹುಟ್ಟಿದ್ದು ಮಾತ್ರ 1971ರಲ್ಲಿ, ಇಟಲಿಯ ಟ್ರಿಯೆಸ್ಟೆ ನಗರದಲ್ಲಿ. ಬೆಳೆದದ್ದು ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಪಟ್ಟಣದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಬಾಲ್ಯದಲ್ಲಿ ಶಾಲೆಯ ಬ್ಯಾಂಡಿನ ಮೂಲಕ ಸ್ಯಾಕ್ಸೊಫೋನ್ ಕೈಗೆ ಬಂತು. ಚಾರ್ಲಿ ಪಾರ್ಕರ್ ಅವರ ಧ್ವನಿಮುದ್ರಿಕೆಗಳು ಜಾಝ್‌ನತ್ತ ಸೆಳೆದವು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪದವಿ, ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1990ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿಗೆ ಬಂದರು.

ಭಾರತೀಯ ಹೆಸರು, ಭಾರತೀಯ ಮುಖ ಇರುವ ವಾದಕನಿಗೆ ಭಾರತೀಯ ಸಂಗೀತ ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಸುತ್ತಲಿನವರು ಎಣಿಸುತ್ತಿದ್ದರು. ವಾಸ್ತವದಲ್ಲಿ ಅವರಿಗೆ ಅದರ ಶಿಕ್ಷಣ ದೊರೆತಿರಲಿಲ್ಲ. ಈ ಇಕ್ಕಟ್ಟಿನ ನಡುವೆ ಒಂದು ಸಣ್ಣ ಘಟನೆ ನಡೆಯಿತು. ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಅಣ್ಣ ಅವರಿಗೆ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಧ್ವನಿಮುದ್ರಿಕೆಯನ್ನು ತಮಾಷೆಗಾಗಿ ತಂದುಕೊಟ್ಟರು. ವಾದಕರು ಕದ್ರಿ ಗೋಪಾಲನಾಥ್. ತಮಾಷೆಯ ಉಡುಗೊರೆ ತಮಾಷೆಯಾಗಿ ಉಳಿಯಲಿಲ್ಲ. ತಾನು ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾದ್ಯದಿಂದ ಹೀಗೊಂದು ನಾದ ಹೊರಡುವುದು ಸಾಧ್ಯ ಎಂಬ ಕಲ್ಪನೆಯೇ ಅವರಿಗಿರಲಿಲ್ಲ. ಅವರಿಬ್ಬರೂ ಜೊತೆಗೂಡಿ ಧ್ವನಿಮುದ್ರಣ ಮಾಡುವ ಹೊತ್ತಿಗೆ ಈ ಉಡುಗೊರೆಯ ಪ್ರಸಂಗ ನಡೆದು ಹದಿನೈದು ವರ್ಷಗಳಿಗೂ ಮೇಲಾಗಿತ್ತು.

ಈ ನಡುವಿನ ಸಂಪುಟಗಳಲ್ಲಿ 2004ರ ‘ಮದರ್ ಟಂಗ್’ ಕನ್ನಡಿಗರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ‘ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ?’ ಎಂಬ, ಅಮೆರಿಕದ ಭಾರತೀಯರು ಮತ್ತೆ ಮತ್ತೆ ಎದುರಿಸುವ ಪ್ರಶ್ನೆಗೆ ಬೇರೆ ಬೇರೆ ಮಾತೃಭಾಷೆಯವರು ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿ, ಆ ಮಾತಿನ ಏರಿಳಿತಗಳನ್ನೇ ಸ್ವರಗಳಾಗಿ ಬರೆದುಕೊಂಡು ಮಹಾಂತಪ್ಪ ಅದರಲ್ಲಿ ಕೃತಿಗಳನ್ನು ಕಟ್ಟಿದರು. ತಮಿಳು, ತೆಲುಗು, ಗುಜರಾತಿ, ಕೊಂಕಣಿ, ಮಲಯಾಳಂ ಹೆಸರಿನ ಕೃತಿಗಳ ಜೊತೆಗೆ ‘ಕನ್ನಡ’ ಎಂಬ ಹೆಸರಿನದೂ ಒಂದಿದೆ.

ಪೂರ್ವ ಪರಂಪರೆ

ಜಾಝ್ ಹಾಗೂ ರಾಗ ಸಂಗೀತಗಳ ಸಂಬಂಧ ‘ಕಿನ್ಸ್‌ಮೆನ್’ನಿಂದ ಆರಂಭವಾದದ್ದಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ನೇತೃತ್ವದ ಚಿಕ್ಕ ತಂಡ 1959ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ ಇದಕ್ಕೆ ಪರೋಕ್ಷವಾಗಿ ದಾರಿ ಮಾಡಿತು. ಅದುವರೆಗಿನ ಜಾಝ್‌ನಲ್ಲಿ ವಾದಕನು ವೇಗವಾಗಿ ಬದಲಾಗುವ ಕಾರ್ಡ್‌ಗಳ ಸಾಲನ್ನು, ಅಂದರೆ ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳನ್ನು, ಬೆನ್ನಟ್ಟಿ ಮನೋಧರ್ಮ ತೋರಬೇಕಾಗಿತ್ತು. ಡೇವಿಸ್ ಆ ಸಾಲನ್ನು ಕಡಿಮೆ ಮಾಡಿ, ಒಂದು ಸ್ವರಶ್ರೇಣಿಯಲ್ಲೇ ಬಹಳ ಹೊತ್ತು ನೆಲೆನಿಂತು ನುಡಿಸುವ ಕ್ರಮವನ್ನು ಮುಂದಿಟ್ಟರು. ಆ ಸಂಪುಟದ ಮೊದಲ ಕೃತಿ ‘ಸೋ ವಾಟ್’ ಆಧರಿಸಿದ ಡೋರಿಯನ್ ಶ್ರೇಣಿಯ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವೇ. ಗಮಕವಿಲ್ಲದ್ದರಿಂದ ಅದು ಖರಹರಪ್ರಿಯ ರಾಗ ಆಗುವುದಿಲ್ಲ ಎಂಬುದು ಬೇರೆ ಮಾತು. ಆ ತಂಡದಲ್ಲಿದ್ದ ಟೆನರ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಮುಂದೆ ಭಾರತೀಯ ಸಂಗೀತದಲ್ಲಿ ಗಾಢ ಆಸಕ್ತಿ ತಳೆದು 1961ರಲ್ಲಿ ‘ಇಂಡಿಯಾ’ ಎಂಬ ಕೃತಿಯನ್ನು ನುಡಿಸಿದರು. ರವಿಶಂಕರ್ ಅವರ ಮೇಲಿನ ಗೌರವದಿಂದ ಮಗನಿಗೆ ರವಿ ಎಂದು ಹೆಸರಿಟ್ಟರು.

1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೋ ಹ್ಯಾರಿಯಟ್ ಮತ್ತು ಕೋಲ್ಕತ್ತ ಮೂಲದ ಜಾನ್ ಮೇಯರ್ ಭಾರತೀಯ ಹಾಗೂ ಜಾಝ್ ವಾದಕರನ್ನು ಒಂದುಗೂಡಿಸಿದರು. 1970ರ ದಶಕದಲ್ಲಿ ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್ ಅವರ ‘ಶಕ್ತಿ’ ತಂಡ ಬಂತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರು, ಗಾಯಕಿ ಆರ್. ಎ. ರಮಾಮಣಿ ಅವರೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ ‘ಜ್ಯೋತಿ’ (1983) ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು. ಆ ಸಂಪುಟಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಈ ಪ್ರಯತ್ನಗಳಲ್ಲಿ ಸಾಮಾನ್ಯವಾಗಿ ಸ್ಯಾಕ್ಸೊಫೋನ್ ಪಶ್ಚಿಮದ ಪ್ರತಿನಿಧಿ, ವೀಣೆ ಸಿತಾರ್ ಮೃದಂಗಗಳು ಭಾರತದ ಪ್ರತಿನಿಧಿ. ‘ಕಿನ್ಸ್‌ಮೆನ್’ನಲ್ಲಿ ಈ ಹಂಚಿಕೆ ಕೆಲಸ ಮಾಡುವುದಿಲ್ಲ. ಇಲ್ಲಿ ಕರ್ನಾಟಕ ಸಂಗೀತದ ಹಿರಿಯ ದನಿಯೂ ಸ್ಯಾಕ್ಸೊಫೋನಿನದೇ, ಜಾಝ್‌ನ ದನಿಯೂ ಅದರದೇ. ಜಾಝ್ ನುಡಿಸುವವರು ಭಾರತೀಯ ಮೂಲದವರೇ. ಯಾವುದು ಪೂರ್ವ, ಯಾವುದು ಪಶ್ಚಿಮ ಎಂದು ವಾದ್ಯವನ್ನೋ ಮುಖವನ್ನೋ ನೋಡಿ ಹೇಳಲಾಗದು. ಕಿವಿಯಿಂದಲೇ ತಿಳಿಯಬೇಕು.

ಕಲಾವಿದರು

ಮಹಾಂತಪ್ಪ ಮತ್ತು ಗೋಪಾಲನಾಥ್ ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಪಿಟೀಲು ಎ. ಕನ್ಯಾಕುಮಾರಿ ಅವರದು. ಆಂಧ್ರದ ವಿಜಯನಗರಂ ಮೂಲದ ಇವರು ಎಂ. ಎಲ್. ವಸಂತಕುಮಾರಿ ಅವರ ಗಾಯನಕ್ಕೆ ದೀರ್ಘಕಾಲ ಪಕ್ಕವಾದ್ಯ ನುಡಿಸಿದವರು. ಗೋಪಾಲನಾಥರ ಕಛೇರಿಗಳಲ್ಲಿ ಬಹುಕಾಲದ ಜೊತೆಗಾರರು. ಮುಂದೆ 2015ರಲ್ಲಿ ಪದ್ಮಶ್ರೀ, 2016ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವಗಳಿಗೆ ಪಾತ್ರರಾದರು. ಮೃದಂಗ ಪೂವಲೂರು ಶ್ರೀಜಿ, ಗಿಟಾರ್ ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ರೆಝ್ ಅಬ್ಬಾಸಿ, ಬಾಸ್ ಕಾರ್ಲೊ ಡಿರೋಸ, ಡ್ರಮ್ಸ್ ರಾಯಲ್ ಹಾರ್ಟಿಗನ್. ಹಾರ್ಟಿಗನ್ ಆಫ್ರಿಕ ಮತ್ತು ಏಷ್ಯಾದ ತಾಳವಾದ್ಯ ಪದ್ಧತಿಗಳನ್ನು ಅಭ್ಯಾಸ ಮಾಡಿದ ಅಧ್ಯಾಪಕರೂ ಹೌದು.

ತಂಡದಲ್ಲಿ ಪಿಯಾನೊ ಇಲ್ಲದಿರುವುದು ಗಮನಿಸಬೇಕಾದ ಅಂಶ. ಜಾಝ್‌ನ ಚಿಕ್ಕ ತಂಡದಲ್ಲಿ ಕಾರ್ಡ್‌ಗಳನ್ನು ಹಾಸಿಕೊಡುವ ಕೆಲಸ ಸಾಮಾನ್ಯವಾಗಿ ಪಿಯಾನೊದ್ದು. ಅದರ ಸ್ವರಗಳು ಸ್ಥಿರವಾದವು, ಜಾರಲಾರವು. ಗಿಟಾರಿನಲ್ಲಾದರೆ ತಂತಿಯನ್ನು ಎಳೆದು ಸ್ವರವನ್ನು ಬಾಗಿಸಬಹುದು, ಬೇಕಾದಾಗ ಕಾರ್ಡ್ ನುಡಿಸಬಹುದು, ಬೇಡವಾದಾಗ ತಂಬೂರಿಯಂತೆ ಆಧಾರ ಸ್ವರವನ್ನು ಹಿಡಿದು ನಿಲ್ಲಬಹುದು.

ಸಂಗೀತದ ಸ್ವರೂಪ

ಈ ಯೋಜನೆಗೆ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ಪ್ರಾಯೋಜನೆ ದೊರೆತಿತ್ತು. ಧ್ವನಿಮುದ್ರಣಕ್ಕೆ ಮೊದಲೇ ಸಂಗೀತವನ್ನು ವೇದಿಕೆಯ ಮೇಲೆ ನುಡಿಸಿ ಹದಗೊಳಿಸಲಾಗಿತ್ತು.

ಎರಡು ಪದ್ಧತಿಗಳಿಗೂ ಮನೋಧರ್ಮವೇ ಮುಖ್ಯ. ಜಾಝ್‌ನಲ್ಲಿ ಎಲ್ಲರೂ ಕೂಡಿ ಮುಖ್ಯ ಧಾಟಿಯನ್ನು ನುಡಿಸುತ್ತಾರೆ, ಬಳಿಕ ಒಬ್ಬೊಬ್ಬರಾಗಿ ಅದರ ಮೇಲೆ ಕಲ್ಪನೆ ಬೆಳೆಸುತ್ತಾರೆ, ಕೊನೆಗೆ ಧಾಟಿಗೆ ಮರಳುತ್ತಾರೆ. ಕೀರ್ತನೆಯ ಒಂದು ಸಾಲನ್ನು ಹಿಡಿದು ಕಲ್ಪನಾಸ್ವರ ಹಾಕಿ ಮತ್ತೆ ಎಡುಪಿಗೆ ಬಂದು ಸೇರುವ ಕಛೇರಿಯ ಕ್ರಮ ಬಲ್ಲವರಿಗೆ ಇದು ಅಪರಿಚಿತವೆನಿಸದು. ತೊಡಕು ಇರುವುದು ಬೇರೆಡೆ. ಜಾಝ್‌ನ ಕಲ್ಪನೆ ಹಾರ್ಮನಿಯನ್ನು ಅವಲಂಬಿಸಿದೆ. ಕಾರ್ಡ್ ಬದಲಾದಂತೆ ಆಧಾರವೂ ಬದಲಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ಆಧಾರ ಷಡ್ಜ ಕಛೇರಿಯ ಆರಂಭದಿಂದ ಅಂತ್ಯದವರೆಗೆ ಅಲುಗುವುದಿಲ್ಲ. ಷಡ್ಜ ಅಲುಗಿದರೆ ರಾಗವೇ ಬೇರೆಯಾಗುತ್ತದೆ.

ಇದನ್ನು ಒಂದು ಸರಳ ಪ್ರಯೋಗದಿಂದ ತಿಳಿಯಬಹುದು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಷಡ್ಜದಿಂದ ಷಡ್ಜಕ್ಕೆ ನುಡಿಸಿದರೆ ಶಂಕರಾಭರಣದ ಸ್ವರಗಳು. ಅದೇ ಮನೆಗಳನ್ನು ಮಧ್ಯಮದಿಂದ ಆರಂಭಿಸಿ, ಆ ಮಧ್ಯಮವನ್ನೇ ಷಡ್ಜವೆಂದು ಭಾವಿಸಿದರೆ ಕಲ್ಯಾಣಿಯ ಸ್ವರಗಳು. ನಮ್ಮವರು ಇದನ್ನು ಗ್ರಹಭೇದ ಎನ್ನುತ್ತಾರೆ. ನಾವು ಅಪರೂಪಕ್ಕೆ ಚಮತ್ಕಾರವಾಗಿ ಬಳಸುವ ಈ ಕ್ರಿಯೆಯ ಪರಿಣಾಮವನ್ನು ಕಾರ್ಡ್ ಬದಲಾವಣೆ ಕ್ಷಣಕ್ಷಣಕ್ಕೂ ಉಂಟುಮಾಡಬಲ್ಲದು. ಹೀಗಾಗಿ ರಾಗ ನುಡಿಸುವವರ ಹಿಂದೆ ಅಡ್ಡಾದಿಡ್ಡಿ ಕಾರ್ಡ್ ಹಾಕಿದರೆ ರಾಗ ಕೆಡುತ್ತದೆ. ಕಾರ್ಡ್ ಪೂರ್ತಿ ಬಿಟ್ಟರೆ ಜಾಝ್ ವಾದಕನ ಕಾಲಡಿಯ ನೆಲ ಹೋಗುತ್ತದೆ. ಸಮ್ಮಿಶ್ರ ಸಂಗೀತದ ಹಲವು ಪ್ರಯತ್ನಗಳು ಸೋಲುವುದು ಇಲ್ಲಿಯೇ.

ಮಹಾಂತಪ್ಪ ಈ ಸಂಪುಟದಲ್ಲಿ ಎರಡು ಪದ್ಧತಿಗಳನ್ನೂ ಕಲಸಿ ಒಂದು ಮಾಡಲು ಹೋಗಿಲ್ಲ. ರಾಗದ ಚೌಕಟ್ಟಿಗೆ ಹೊಂದುವ ಧಾಟಿಗಳನ್ನು ಇಬ್ಬರೂ ಕೂಡಿ ನುಡಿಸುತ್ತಾರೆ. ಗೋಪಾಲನಾಥರ ಮತ್ತು ಕನ್ಯಾಕುಮಾರಿಯವರ ಸರದಿ ಬಂದಾಗ ಗಿಟಾರ್, ಬಾಸ್‌ಗಳು ಸಂಯಮದಿಂದ ಆಧಾರವನ್ನು ಕಾಯುತ್ತವೆ. ಮಹಾಂತಪ್ಪ, ಅಬ್ಬಾಸಿ ಅವರ ಸರದಿಯಲ್ಲಿ ಹಾರ್ಮನಿಯ ಬಾಗಿಲು ತೆರೆದುಕೊಳ್ಳುತ್ತದೆ. ಒಬ್ಬರ ಮನೆಗೆ ಮತ್ತೊಬ್ಬರು ಬಂದಾಗ ಆ ಮನೆಯ ನಡವಳಿಕೆಯನ್ನು ಪಾಲಿಸುವ ಕ್ರಮವಿದು.

ಒಂದೇ ವಾದ್ಯವಾದ್ದರಿಂದ ಹೊಸ ಕೇಳುಗರಿಗೆ ನುಡಿಸುತ್ತಿರುವವರು ಯಾರೆಂಬ ಗೊಂದಲ ಉಂಟಾಗಬಹುದು. ಗುರುತು ಕಷ್ಟವಲ್ಲ. ಗೋಪಾಲನಾಥರ ನಾದ ದುಂಡಗೆ, ತುಂಬಿಕೊಂಡು, ಸ್ವರಗಳ ನಡುವೆ ಬಿರುಕಿಲ್ಲದೆ ಹರಿಯುತ್ತದೆ. ಹಿಂದೆ ನಾಗಸ್ವರದ ನೆರಳು ಕಾಣುತ್ತದೆ. ಮಹಾಂತಪ್ಪ ಅವರದು ಅಂಚು ಹರಿತವಾದ, ಒತ್ತಡ ತುಂಬಿದ ನಾದ. ದೂರದೂರದ ಸ್ವರಗಳಿಗೆ ನೆಗೆಯುತ್ತದೆ, ಅತಿವೇಗದಲ್ಲಿಯೂ ಪ್ರತಿಯೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಇಬ್ಬರೂ ಸರದಿಯನ್ನು ಮೊಟಕುಗೊಳಿಸುತ್ತಾ ಸಂವಾದಕ್ಕಿಳಿದಾಗ ಮಾತ್ರ ಈ ಭೇದ ಕ್ರಮೇಣ ತೆಳುವಾಗುತ್ತದೆ. ಸಂಪುಟದ ಅತ್ಯಂತ ಸೊಗಸಾದ ಘಳಿಗೆಗಳು ಅಲ್ಲಿವೆ.

ಲಯದ ದೃಷ್ಟಿಯಿಂದ ಮೃದಂಗ ಮತ್ತು ಡ್ರಮ್ಸ್ ಎರಡೂ ಇರುವುದು ಗದ್ದಲಕ್ಕೆ ಎಡೆಮಾಡಬಹುದಾಗಿತ್ತು. ಶ್ರೀಜಿ ಮತ್ತು ಹಾರ್ಟಿಗನ್ ಒಬ್ಬರಿಗೊಬ್ಬರು ಅವಕಾಶ ಬಿಟ್ಟು ನುಡಿಸಿದ್ದಾರೆ. ಒಂದೇ ಲೆಕ್ಕಾಚಾರವನ್ನು ಒಬ್ಬರು ಬೆರಳುಗಳಿಂದಲೂ ಇನ್ನೊಬ್ಬರು ಕೋಲುಗಳಿಂದಲೂ ಹೇಳುವುದನ್ನು ಆಲಿಸಿದರೆ ತಾಳಜ್ಞಾನವುಳ್ಳ ವಿದ್ಯಾರ್ಥಿಗೆ ಲಾಭವಿದೆ.

ಕೃತಿಗಳು

ಸಂಪುಟದಲ್ಲಿ ‘ಇಂಟ್ರೊಸ್ಪೆಕ್ಷನ್’, ‘ಗಣೇಶ’, ‘ಲಾಂಗಿಂಗ್’, ‘ಸ್ನೇಕ್!’, ‘ಕಲ್ಯಾಣಿ’, ‘ಕನ್ವರ್ಜೆನ್ಸ್’ ಮುಂತಾದ ದೀರ್ಘ ಕೃತಿಗಳಿವೆ. ಇವುಗಳ ನಡುವೆ ‘ರೆಝ್–ಆಲಾಪ್’ನಂತಹ ಕಿರು ಆಲಾಪನೆಗಳನ್ನು ಪೋಣಿಸಲಾಗಿದೆ. ತಾಳದ ಹಂಗಿಲ್ಲದೆ ಸಾಗುವ ಈ ಭಾಗಗಳು ಮುಂದಿನ ಕೃತಿಗೆ ಕಿವಿಯನ್ನು ಸಿದ್ಧಗೊಳಿಸುತ್ತವೆ. ಕಛೇರಿಯಲ್ಲಿ ಕೃತಿಗೆ ಮೊದಲು ರಾಗಾಲಾಪನೆ ಬರುವಂತೆಯೇ ಇದು. ಕರಾಚಿ ಮೂಲದ ಗಿಟಾರ್ ವಾದಕನ ಆಲಾಪನೆ ಕರ್ನಾಟಕ ಸಂಗೀತದ ವಿದ್ವಾಂಸರ ವಾದನದ ಪಕ್ಕದಲ್ಲಿ ಬರುವುದು ಈ ಸಂಪುಟದ ಸ್ವಭಾವಕ್ಕೆ ತಕ್ಕುದೇ ಆಗಿದೆ. ‘ಕಲ್ಯಾಣಿ’ ಎಂಬುದು 65ನೆಯ ಮೇಳಕರ್ತ ರಾಗದ ಹೆಸರು. ಪಾಶ್ಚಾತ್ಯರ ಲಿಡಿಯನ್ ಶ್ರೇಣಿಗೂ ಇವೇ ಸ್ವರಸ್ಥಾನಗಳು. ‘ಕನ್ವರ್ಜೆನ್ಸ್’ ಕೃತಿಗೆ ಸಂಪುಟದ ಶೀರ್ಷಿಕೆಯೇ ಉಪನಾಮವಾಗಿದೆ.

ಸ್ವೀಕಾರ

ಸಂಪುಟಕ್ಕೆ ಅಮೆರಿಕದ ವಿಮರ್ಶಕರಿಂದ ಉತ್ತಮ ಸ್ವಾಗತ ದೊರೆಯಿತು. ಜಾಝ್ ವಿಮರ್ಶಕ ಗ್ಯಾರಿ ಗಿಡ್ಡಿನ್ಸ್ 2009ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಮಹಾಂತಪ್ಪ ಅವರ ಕುರಿತು ವಿಸ್ತಾರವಾದ ಲೇಖನ ಬರೆದರು. ಅಮೆರಿಕದ ಜಾಝ್ ಪತ್ರಕರ್ತರ ಸಂಘ ಮುಂದಿನ ವರ್ಷಗಳಲ್ಲಿ ಹಲವು ಬಾರಿ ಮಹಾಂತಪ್ಪ ಅವರನ್ನು ವರ್ಷದ ಆಲ್ಟೊ ಸ್ಯಾಕ್ಸೊಫೋನ್ ವಾದಕರನ್ನಾಗಿ ಆರಿಸಿತು. ಕರ್ನಾಟಕದಲ್ಲಿ ಗೋಪಾಲನಾಥರ ಕೀರ್ತನೆಗಳ ಧ್ವನಿಸುರುಳಿಗಳು ಮನೆಮನೆ ತಲಪಿದಂತೆ ಈ ಸಂಪುಟ ತಲಪಲಿಲ್ಲ. ಇಲ್ಲಿನ ಶ್ರೋತೃಗಳಿಗೆ ಅವರ ಕೊಡುಗೆಯ ಈ ಮುಖ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿದೆ.

ಕುತೂಹಲಕರವಾದ ಸಂಗತಿಯೆಂದರೆ, ಮೈಲ್ಸ್ ಡೇವಿಸ್ ಅವರ ಕೃತಿಗಳನ್ನು ಭಾರತೀಯ ಕಲಾವಿದರೂ ಡೇವಿಸ್ ಅವರ ಹಳೆಯ ಸಂಗಡಿಗರೂ ಸೇರಿ ನುಡಿಸಿದ ‘ಮೈಲ್ಸ್ ಫ್ರಮ್ ಇಂಡಿಯಾ’ ಎಂಬ ಸಂಪುಟವೂ ಅದೇ 2008ರಲ್ಲಿ ಪ್ರಕಟವಾಯಿತು. ‘ಕೈಂಡ್ ಆಫ್ ಬ್ಲೂ’ನಲ್ಲಿ ಡ್ರಮ್ಸ್ ನುಡಿಸಿದ್ದ ಜಿಮ್ಮಿ ಕಾಬ್ ಅವರೂ ರುದ್ರೇಶ್ ಮಹಾಂತಪ್ಪ ಅವರೂ ಅದರ ಕಲಾವಿದರ ಪಟ್ಟಿಯಲ್ಲಿದ್ದಾರೆ.

ಅನಂತರದ ಬೆಳವಣಿಗೆ

2007ರಲ್ಲಿ ಮಹಾಂತಪ್ಪ ಅವರಿಗೆ ಗುಗೆನ್‌ಹೀಮ್ ಫೆಲೋಷಿಪ್ ದೊರೆತಿತ್ತು. ಅದರ ನೆರವಿನಿಂದ ಕೈಗೊಂಡ ಕರ್ನಾಟಕ ಸಂಗೀತದ ಅಧ್ಯಯನದ ಫಲವಾಗಿ 2011ರಲ್ಲಿ ‘ಸಂಧಿ’ ಸಂಪುಟ ಹೊರಬಂತು. 2013ರಲ್ಲಿ ‘ಗಮಕ್’ ಪ್ರಕಟವಾಯಿತು. 2015ರ ‘ಬರ್ಡ್ ಕಾಲ್ಸ್’ನಲ್ಲಿ ಅವರು ತಮ್ಮ ಮೊದಲ ಪ್ರೇರಣೆಯಾದ ಚಾರ್ಲಿ ಪಾರ್ಕರ್ ಅವರ ಸಂಗೀತಕ್ಕೆ ಮರಳಿದರು. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. ಕದ್ರಿ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.